ಐದನೆಯ ಹಾಳೆಯ ನಾಲ್ಕನೆಯ ಹೆಸರು

ಯುದ್ಧ ಶುರುವಾಗಿ ಹನ್ನೊಂದನೆಯ ದಿನ, ಗುರುವಾರ, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷ. ಸ್ಥಳ, ವಿಜಯನಗರದ ಆಟದ ಮೈದಾನಕ್ಕೆ ಅಂಟಿಕೊಂಡಿರುವ ಮಾಜಿ ಸೈನಿಕರ ಸಂಘದ ಕೋಣೆ. ಹಾಜರಿದ್ದವರು: ಸಂಘದ ಅಧ್ಯಕ್ಷರಾದ ನಿವೃತ್ತ ಸುಬೇದಾರರು, ಬಡಾವಣೆಯ ಮಹಿಳಾ ಸಮಾಜದ ಇಬ್ಬರು ಹೆಂಗಸರು ಮತ್ತು ನಾನು. ಮೇಜಿನ ಮೇಲೆ ಮುದ್ರಣಾಲಯದಿಂದ ಆಗಷ್ಟೇ ಬಂದಿದ್ದ ಎರಡು ರಟ್ಟಿನ ಪೆಟ್ಟಿಗೆಗಳು.

ಸಭೆ ಹತ್ತೂವರೆಗೆ. ದೇಶದ ನಾಯಕರು ಆ ವಾರ ನಾಲ್ಕು ಊರುಗಳಿಗೆ ಹೋಗಿ, ಯುದ್ಧದಲ್ಲಿ ಪ್ರಾಣ ಕೊಟ್ಟವರಿಗೆ ಗೌರವ ಸಲ್ಲಿಸಿ ಮಾತನಾಡುವವರಿದ್ದರು. ಮೂರನೆಯ ಸಭೆ ನಮ್ಮದು. ಅವರ ಹೆಸರು ಇಲ್ಲಿ ಬೇಡ. ಯೋಧರ ಹೆಸರುಗಳನ್ನೂ ಬರೆಯುವುದಿಲ್ಲ. ಅವರ ಮನೆಯವರನ್ನು ಕೇಳಿಲ್ಲ.

ನನಗೆ ವಹಿಸಿದ್ದು ಎರಡು ಕೆಲಸ. ನಾಯಕರ ಹಿಂದಿ ಭಾಷಣವನ್ನು ವೇದಿಕೆಯಲ್ಲಿ ಅವರ ಪಕ್ಕ ನಿಂತು ಪ್ಯಾರಾ ಪ್ಯಾರಾ ಕನ್ನಡದಲ್ಲಿ ಹೇಳುವುದು ಒಂದು. ಮೊದಲ ಸಾಲಿನಲ್ಲಿ ಯೋಧರ ಮನೆಯವರನ್ನು ಕೂರಿಸುವ ವ್ಯವಸ್ಥೆ ಇನ್ನೊಂದು. ನಾನು ಸೇನೆಯ ದಾಖಲೆ ಕಚೇರಿಯೊಂದರಲ್ಲಿ ಅನುವಾದಕಿಯಾಗಿದ್ದವಳು. ಸೈನಿಕರ ಮನೆಗಳಿಗೆ ಹೋಗುವ ಕಾಗದಗಳನ್ನು ಕನ್ನಡಕ್ಕೆ ತರುವುದು ಅಲ್ಲಿ ನನ್ನ ಪಾಲಿಗೆ ಬಂದಿತ್ತು. ನಿವೃತ್ತಳಾಗಿ ಒಂಬತ್ತು ವರ್ಷವಾದರೂ ಸುಬೇದಾರರು ಇಂಥದ್ದಕ್ಕೆಲ್ಲ ಬಸವೇಶ್ವರನಗರದ ನಮ್ಮ ಮನೆಗೇ ಫೋನು ಮಾಡುತ್ತಾರೆ.

ಭಾಷಣದ ಹಿಂದಿ ಪಠ್ಯ ಸೋಮವಾರವೇ ಬಂದಿತ್ತು. ನಾನು ಯಾವುದನ್ನೂ ಮೂರು ಸಲ ಓದದೆ ಅನುವಾದಿಸುವುದಿಲ್ಲ. ಮೊದಲ ಓದಿಗೆ ಕೈಯಲ್ಲಿ ಪೆನ್ನು ಇರಬಾರದು. ಎರಡನೆಯದರಲ್ಲಿ ಹೆಸರು, ಊರು, ಸಂಖ್ಯೆಗಳ ಕೆಳಗೆ ಗೆರೆ. ಮೂರನೆಯದು ಗಟ್ಟಿಯಾಗಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ನೋಡಲು. ಭಾಷಣ ಚೆನ್ನಾಗಿತ್ತು. ಆರ್ಭಟ ಕಡಿಮೆ. ಒಂದು ಕಡೆ ಹೀಗಿತ್ತು: ‘ಆ ಶಿಖರದ ಮೇಲೆ ನಿಂತವನು ಪಕ್ಕದವನ ಜಾತಿ ಕೇಳಲಿಲ್ಲ, ಭಾಷೆ ಕೇಳಲಿಲ್ಲ. ನೀರು ಕೇಳಿದ. ಪಕ್ಕದವನು ತನ್ನ ಬಾಟಲಿ ಕೊಟ್ಟ. ನಾವು ದೇಶ ಎಂದು ಕರೆಯುವುದು ಇದನ್ನೇ.’ ಹಿಂದಿಯಲ್ಲಿ ಅಲ್ಲಲ್ಲಿ ‘ಬಲಿದಾನ’ ಎಂದಿತ್ತು. ನಾನು ‘ಪ್ರಾಣ ಕೊಟ್ಟರು’ ಎಂದೇ ಬರೆದೆ. ಮನೆಯವರ ಎದುರು ಬಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಸಭಿಕರಿಗೆ ಹಂಚಲು ಕನ್ನಡ ಪಠ್ಯದ ಇನ್ನೂರೈವತ್ತು ಪ್ರತಿ ಮುದ್ರಿಸಿದ್ದೆವು. ಆರು ಹಾಳೆ, ಎಡ ಮೂಲೆಗೆ ಒಂದೇ ಪಿನ್. ಐದನೆಯ ಹಾಳೆ ಹೆಸರುಗಳದ್ದು. ಬುಧವಾರ ಸಂಜೆಯವರೆಗೆ ಸಂಖ್ಯೆ ಹೆಚ್ಚಬಹುದು, ಆದ್ದರಿಂದ ಆ ಹಾಳೆಯನ್ನು ತಾವೇ ನೇರವಾಗಿ ಮುದ್ರಣಾಲಯಕ್ಕೆ ಕಳಿಸುತ್ತೇವೆ ಎಂದು ನಾಯಕರ ಕಾರ್ಯದರ್ಶಿಗಳು ತಿಳಿಸಿದ್ದರು. ಯುದ್ಧ ನಡೆಯುತ್ತಿರುವಾಗ ಅದು ಸರಿಯೇ. ಹಾಗಾಗಿ ಐದನೆಯ ಹಾಳೆಯೊಂದನ್ನು ನಾನು ನೋಡಿರಲಿಲ್ಲ.

ಪೆಟ್ಟಿಗೆ ಒಡೆದು ಮೇಲಿನ ಪ್ರತಿ ತೆಗೆದೆ. ಐದನೆಯ ಹಾಳೆ. ‘ನಾಡು ಕಳೆದುಕೊಂಡ ವೀರರು’ ಎಂಬ ಶೀರ್ಷಿಕೆ, ಕೆಳಗೆ ಆರು ಹೆಸರು.

ನನಗೆ ಗೊತ್ತಿದ್ದದ್ದು ಐದು.

ನಾಲ್ಕನೆಯ ಹೆಸರು ಸುಂಕದಕಟ್ಟೆಯ ಸಿಪಾಯಿಯದು. ಯುದ್ಧದ ನಾಲ್ಕನೆಯ ದಿನದಿಂದ ಆತ ಕಾಣೆ. ಅವರದು ಬಾಗಲಕೋಟೆ ಕಡೆಯ ಮನೆತನ. ಇಲ್ಲಿಗೆ ಬಂದು ಏಳೆಂಟು ವರ್ಷವಾಗಿದೆ. ತಾಯಿ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಾರೆ. ಮನೆಯಲ್ಲಿರುವುದು ಅವರು ಮತ್ತು ಸೊಸೆ, ಇಬ್ಬರೇ. ಆ ಇಬ್ಬರೂ ಅವತ್ತು ಸಭೆಗೆ ಬರುವವರಿದ್ದರು.

ಕಚೇರಿಯಲ್ಲಿ ನಾವು ಬರೆಯುತ್ತಿದ್ದ ಕಾಗದಗಳು ಮೂರು ಬಗೆ: ಗಾಯ, ಕಾಣೆ, ಮರಣ. ಮೂರಕ್ಕೂ ಬೇರೆ ಬೇರೆ ಕಡತ. ಒಂದರ ಕಾಗದ ಇನ್ನೊಂದರ ಮೇಲೆ ಇಡುವಂತೆಯೂ ಇರಲಿಲ್ಲ. ಇನ್ನೊಂದು ನಿಯಮ ಎಲ್ಲಕ್ಕಿಂತ ಮೇಲಿನದು. ಸಮವಸ್ತ್ರದಲ್ಲಿರುವ ಒಬ್ಬರು ಮನೆಗೆ ಹೋಗಿ, ಕೂತು, ಬಾಯಿಬಿಟ್ಟು ಹೇಳುವವರೆಗೆ ಮೂರನೆಯ ಕಡತದ ಹೆಸರು ಹೊರಗೆ ಯಾರ ಬಾಯಲ್ಲೂ ಬರಕೂಡದು. ಇಲ್ಲಿ ಅದು ಇನ್ನೂರೈವತ್ತು ಸಲ ಅಚ್ಚಾಗಿ ಮೇಜಿನ ಮೇಲೆ ಕೂತಿತ್ತು. ಮೂರೂವರೆ ಗಂಟೆಯ ನಂತರ ದೇಶದ ನಾಯಕರು ಅದನ್ನು ಧ್ವನಿವರ್ಧಕದಲ್ಲಿ ಓದುವವರಿದ್ದರು, ಆ ತಾಯಿಯ ಎದುರಿಗೇ.

“ಪ್ರೆಸ್ಸಿನವ್ರು ಮಾಡಿರ್ತಾರೆ ಬಿಡಿ ಮೇಡಂ,” ಎಂದರು ಸುಬೇದಾರರು. “ಮೊನ್ನೆ ನಮ್ಮ ಬ್ಯಾನರಲ್ಲಿ ನನ್ನನ್ನೇ ಸ್ವರ್ಗೀಯ ಮಾಡಿದ್ರು.”

ನಾನು ಹಾಳೆಯನ್ನೇ ನೋಡುತ್ತಿದ್ದೆ. ಹೆಸರುಗಳು ಹುದ್ದೆಯ ಕ್ರಮದಲ್ಲಿ ಇರಲಿಲ್ಲ, ಅಕಾರಾದಿಯಲ್ಲಿದ್ದವು. ಪ್ರತಿ ಹೆಸರಿನ ಮುಂದೆ ಮೊದಲು ಬಡಾವಣೆ, ಆಮೇಲೆ ಹುಟ್ಟೂರು. ದೆಹಲಿಯ ಯಾವ ಕಚೇರಿಯೂ ಹೀಗೆ ಪಟ್ಟಿ ಮಾಡುವುದಿಲ್ಲ. ಹೀಗೆ ಮಾಡುವವಳು ನಾನು.

ಮಂಗಳವಾರ ಕಾರ್ಯದರ್ಶಿಗಳು ಮೊದಲ ಸಾಲಿನಲ್ಲಿ ಕೂರುವವರ ಪಟ್ಟಿ ಕೇಳಿದ್ದರು. ನಾನೇ ಕಂಪ್ಯೂಟರಿನಲ್ಲಿ ಕೋಷ್ಟಕ ಹಾಕಿ ಕಳಿಸಿದ್ದೆ. ಕ್ರಮಸಂಖ್ಯೆ, ಯೋಧನ ಹೆಸರು, ಬಡಾವಣೆ, ಊರು, ಬರುವ ಮನೆಯವರು, ಕೊನೆಗೆ ಷರಾ. ಕಚೇರಿಯ ಯಾವ ವಹಿಯಲ್ಲೂ ವಿಶೇಷ ಸಂಗತಿ ಬರೆಯುವ ಷರಾ ಕಾಲಂ ಇರುವುದು ಬಲತುದಿಯಲ್ಲಿ. ನನ್ನ ಕೈ ಅದನ್ನು ಬೇರೆ ಕಡೆ ಹಾಕಲು ಕಲಿತೇ ಇಲ್ಲ. ನಾಲ್ಕನೆಯ ಸಾಲಿನ ಷರಾದಲ್ಲಿ ಬರೆದಿದ್ದೆ: ‘ಕಾಣೆ. ಖಚಿತ ಸುದ್ದಿ ಇಲ್ಲ. ಹೆಸರು ಓದಕೂಡದು.’ ಆ ಮನೆಯವರನ್ನು ಹಿಂದಿನ ಸಾಲಿಗೆ ತಳ್ಳುವುದು ತಪ್ಪೆಂದು ಮೊದಲ ಸಾಲಿನಲ್ಲೇ ಸೇರಿಸಿದ್ದವಳೂ ನಾನೇ.

ಕೋಣೆಯ ಹಳೆಯ ಮುದ್ರಕದಲ್ಲಿ ಆ ಪಟ್ಟಿಯ ಒಂದು ಪ್ರತಿ ತೆಗೆದು ನೋಡಿದೆ. ಕೋಷ್ಟಕ ಹಾಳೆಗಿಂತ ಅಗಲವಾಗಿತ್ತು. ಷರಾ ಕಾಲಂ ಪೂರ್ತಿ ಹೊರಗೆ ಉಳಿದು, ಎರಡನೆಯ ಹಾಳೆಯಲ್ಲಿ ಒಂಟಿಯಾಗಿ ಅಚ್ಚಾಗಿ ಬಂತು. ಮೊದಲ ಹಾಳೆಯಷ್ಟೇ ಕೈಗೆ ಸಿಕ್ಕವನಿಗೆ ಅಲ್ಲಿ ಕಾಣುವುದು ಆರು ಯೋಧರ ಹೆಸರು, ಅಷ್ಟೇ.

“ಪ್ರೆಸ್ಸಿನವರಲ್ಲ ಸುಬೇದಾರರೇ. ನಾನು,” ಎಂದೆ.

ಅವರು ಎರಡು ಹಾಳೆಯನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ ತಮಾಷೆ ಮಾಡಲಿಲ್ಲ.

ಏಳೂಕಾಲಿಗೆ ವೇದಿಕೆಯ ಬಳಿ ಕಾರ್ಯದರ್ಶಿಗಳನ್ನು ಹಿಡಿದೆವು. ನಲವತ್ತರ ಆಸುಪಾಸಿನವರು, ಎರಡು ಫೋನು, ನಿದ್ದೆಗೆಟ್ಟ ಕಣ್ಣು. ಹಿಂದಿಯಲ್ಲಿ ವಿಷಯ ಹೇಳಿದೆ. ಪಟ್ಟಿ ನಿಮ್ಮದೇ ತಾನೇ ಎಂದರು. ನನ್ನದೇ, ತಪ್ಪೂ ನನ್ನದೇ, ನಾಲ್ಕನೆಯ ಹೆಸರು ತೆಗೆಯಬೇಕು ಎಂದೆ. ಪಠ್ಯ ಮೇಲಿನಿಂದ ಅನುಮೋದನೆಯಾಗಿ ಬಂದಿದೆ, ನಾಯಕರು ವಿಮಾನದಲ್ಲಿದ್ದಾರೆ, ತಾವೊಬ್ಬರೇ ಅದನ್ನು ಮುಟ್ಟುವಂತಿಲ್ಲ ಎಂದರು. ಇನ್ನೊಂದು ಮಾತೂ ಸೇರಿಸಿದರು. ನಿಮ್ಮ ಸುದ್ದಿ ಹಳೆಯದು, ಅನುಮೋದಿಸಿದವರಿಗೆ ಆಮೇಲಿನ ಸುದ್ದಿ ಬಂದಿರಬಹುದಲ್ಲ?

ಅದು ಸುಳ್ಳೆಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ನನ್ನ ಪಟ್ಟಿ ತಪ್ಪಿ ಅಲ್ಲಿಗೆ ಹೋಗಿದ್ದೂ ನಿಜವಿರಬಹುದು, ಆ ಹುಡುಗ ಇಲ್ಲವಾಗಿದ್ದೂ ನಿಜವಿರಬಹುದು.

ದಾಖಲೆ ಕಚೇರಿಯಲ್ಲಿ ಡ್ಯೂಟಿಯಲ್ಲಿದ್ದವರಿಗೆ ಫೋನು ಮಾಡಿದೆ. ಎತ್ತಿದವನು ನನ್ನ ಕೈಕೆಳಗೆ ಕೆಲಸ ಕಲಿತವನು. ಸಿಪಾಯಿಯ ಸಂಖ್ಯೆ ಹೇಳಿದೆ. ಫೋನಿನಲ್ಲಿ ಸ್ಥಿತಿ ಹೇಳುವಂತಿಲ್ಲ ಎಂದ. ಹೇಳಿದ್ದರೆ ನಾನೇ ಬೈಯುತ್ತಿದ್ದೆ.

“ಇದ್ದಾನೋ ಇಲ್ಲವೋ ಅಂತ ನಾನು ಕೇಳ್ತಾ ಇಲ್ಲ,” ಎಂದೆ. “ಆ ಮನೆಗೆ ನಮ್ಮ ಕಡೆಯಿಂದ ಯಾರಾದ್ರೂ ಹೋಗಿದಾರಾ? ಹೋಗೋ ಆದೇಶ ಇದೆಯಾ? ಅಷ್ಟು ಮಾತ್ರ ನಿಮ್ಮ ಅಧಿಕಾರಿನ ಕೇಳಿ ಹೇಳು.”

ವಾಪಸು ಮಾಡುತ್ತೇನೆ ಎಂದ. ಆಗ ಏಳು ಗಂಟೆ ಮೂವತ್ತೆಂಟು ನಿಮಿಷ.

ಉತ್ತರಕ್ಕೆ ಕಾದು ಕೂರುವಷ್ಟು ಹೊತ್ತಿರಲಿಲ್ಲ. ಯಾರೂ ಮನೆಗೆ ಹೋಗಿಲ್ಲವೆಂದೇ ಹಿಡಿದು ಕೆಲಸ ಶುರು ಮಾಡಿದೆವು. ಐದು ಹೆಸರಿನ ಹೊಸ ಹಾಳೆ ಟೈಪು ಮಾಡಿ, ಎರಡು ಸಲ ಓದಿ, ಸುಬೇದಾರರಿಂದ ಒಮ್ಮೆ ಗಟ್ಟಿಯಾಗಿ ಓದಿಸಿದೆ. ಬಸ್‌ ನಿಲ್ದಾಣದ ಪಕ್ಕದ ಜೆರಾಕ್ಸ್‌ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಸುಬೇದಾರರು ಸ್ಕೂಟರಿನಲ್ಲಿ ಹೋಗಿ, ಅಂಗಡಿಯವರನ್ನು ಮನೆಯಿಂದಲೇ ಕರೆತಂದು ಷಟರ್‌ ಎತ್ತಿಸಿದರು. ಅವರು ಅಲ್ಲಿಂದ ಬರುವಷ್ಟರಲ್ಲಿ ನಾವು ಮೂವರು ಹಳೆಯ ಪ್ರತಿಗಳ ಪಿನ್ ಬಿಚ್ಚಲು ಕೂತಿದ್ದೆವು. ಪಿನ್ ಎಬ್ಬಿಸಬೇಕು, ಐದನೆಯ ಹಾಳೆ ಎಳೆಯಬೇಕು, ಉಳಿದ ಐದನ್ನು ಕ್ರಮ ಕೆಡದಂತೆ ಅಡ್ಡ ಉದ್ದ ಜೋಡಿಸಬೇಕು. ಮೊದಲ ಇಪ್ಪತ್ತಕ್ಕೆ ಹದಿನೈದು ನಿಮಿಷ ಹಿಡಿಯಿತು. ಉಗುರಿನಲ್ಲಿ ಬಿಚ್ಚುತ್ತಿದ್ದೆವು. ಆಮೇಲೆ ಒಬ್ಬಾಕೆ ಸೆರಗಿನ ಸೇಫ್ಟಿ ಪಿನ್ ತೆಗೆದು ಅದರಿಂದ ಎಬ್ಬಿಸುವ ದಾರಿ ಕಂಡುಹಿಡಿದರು.

“ಅವರೆಕಾಯಿ ಸೀಸನ್‌ ಅಂದ್ಕೊಳಿ ಆಂಟಿ, ಕೈ ತಾನಾಗೇ ಓಡುತ್ತೆ,” ಎಂದರು.

“ಮಾತು ಕಮ್ಮಿ ಮಾಡಿದ್ರೆ ಇನ್ನೂ ಓಡುತ್ತೆ ಕಣಮ್ಮ,” ಎಂದೆ. ಆದರೆ ಓಡಿತು.

ಎಂಟು ಗಂಟೆ ನಲವತ್ತಕ್ಕೆ ಹೊಸ ಹಾಳೆಗಳು ಬಂದವು. ಇದ್ದ ಎರಡು ಸ್ಟೇಪ್ಲರ್‌ಗಳಲ್ಲಿ ಒಂದು ನೂರಕ್ಕೇ ಕೈಕೊಟ್ಟಿತು. ಒಂಬತ್ತು ಇಪ್ಪತ್ತಕ್ಕೆ ಫೋನು ಬಂತು. ಕೋಣೆಯಿಂದ ಹೊರಗೆ ಬಂದು ಎತ್ತಿದೆ.

“ಇಲ್ಲ ಮೇಡಂ. ಯಾರೂ ಹೋಗಿಲ್ಲ. ಆದೇಶನೂ ಇಲ್ಲ.”

“ಎಷ್ಟು ಗಂಟೆಗೆ ಖಚಿತ ಮಾಡಿದ್ದು?”

“ಒಂಬತ್ತು ಹದಿನೈದು.”

ಬರೆದುಕೊಂಡೆ. ಒಳಗೆ ಬಂದು ಎಣಿಸಿದೆ. ಇನ್ನೂರ ನಲವತ್ನಾಲ್ಕು. ಮತ್ತೆ ಎಣಿಸಿದರೂ ಅಷ್ಟೇ. ಸುಬೇದಾರರು ನೆತ್ತಿ ಸವರಿಕೊಂಡರು. ನಾವು ಕಾರ್ಯದರ್ಶಿಗಳ ಬಳಿಗೆ ಹೊರಡುವ ಮೊದಲೇ ಸಂಘದ ಹುಡುಗರು ಮೇಲಿನಿಂದ ಆರು ಪ್ರತಿ ಎತ್ತಿ, ಬೇಗ ಬರುವ ಮನೆಯವರಿಗೆ ಕೊಡಲೆಂದು ಗೇಟಿನ ಮೇಜಿಗೆ ಒಯ್ದಿದ್ದರಂತೆ. ಓಡಿಹೋಗಿ ವಾಪಸು ತಂದದ್ದು ಐದು, ಒಟ್ಟು ಇನ್ನೂರ ನಲವತ್ತೊಂಬತ್ತು. ಆರನೆಯದು ಯಾರ ಕೈಗೆ ಹೋಯಿತೆಂದು ಗೇಟಿನಲ್ಲಿದ್ದವರಿಗೆ ನೆನಪಿಲ್ಲ. ಆಗಲೇ ಆರೂ ಮನೆಯವರು ಬಂದು ಕೂತಿದ್ದರು. ಒಬ್ಬೊಬ್ಬರ ಬಳಿ ಹೋಗಿ ಕೇಳಿದರೆ ಏಕೆಂದು ಹೇಳಬೇಕಾಗುತ್ತಿತ್ತು. ಆ ಒಂದು ಪ್ರತಿ ಹೊರಗೇ ಉಳಿಯಿತು.

ಕಾರ್ಯದರ್ಶಿಗಳ ಬಳಿ ಎರಡನೆಯ ಸಲ ಹೋದಾಗ ಹೆಸರು ತೆಗೆಯಿರಿ ಎಂದು ಕೇಳಲಿಲ್ಲ. ಅದು ಆಗುವುದಿಲ್ಲವೆಂದು ಗೊತ್ತಾಗಿತ್ತು. ಬೇರೆ ಕೇಳಿದೆ. ಇವು ಕನ್ನಡದ ಹೆಸರು, ಕನ್ನಡದ ಊರು. ಉಚ್ಚಾರ ತಪ್ಪಿದರೆ ನಾಳೆ ಪತ್ರಿಕೆಯಲ್ಲಿ ಅದೇ ಬರುತ್ತದೆ. ಹೆಸರುಗಳನ್ನು ನಾನೊಬ್ಬಳೇ ಓದುತ್ತೇನೆ, ನಾಯಕರು ತಲೆಬಾಗಿ ಮೌನವಾಗಿ ನಿಲ್ಲಲಿ. ಪಠ್ಯದಲ್ಲಿ ಏನೂ ಬದಲಾಗುವುದಿಲ್ಲ, ಓದುವವರು ಮಾತ್ರ ಬೇರೆ. ಫೋನಿನಲ್ಲಿ ಸಿಕ್ಕ ಮಾತನ್ನೂ, ಖಚಿತವಾದ ಗಂಟೆಯನ್ನೂ ಹೇಳಿದೆ. ಅವರು ನನ್ನ ಮುಖ ನೋಡಿದರು. ಉಚ್ಚಾರದ ಮಾತು ಅವರಿಗೆ ಹಿಡಿಸಿತು. ಒಪ್ಪಿದರು. ಭಾಷಣದ ಸಾಲುಗಳು ನಾಯಕರ ಎದುರು ಗಾಜಿನ ಮೇಲೆ ಹರಿಯುತ್ತವೆ, ಅದನ್ನು ನಡೆಸುವವನಿಗೆ ತಾವೇ ಹೇಳುತ್ತೇವೆ ಎಂದರು. ಅಷ್ಟರಲ್ಲಿ ಅವರ ಎರಡೂ ಫೋನುಗಳು ಒಟ್ಟಿಗೆ ರಿಂಗಾದವು.

ಹತ್ತು ಗಂಟೆ. ವೇದಿಕೆಯ ಮೇಲಿನಿಂದ ಮೊದಲ ಸಾಲನ್ನು ಒಮ್ಮೆ ನೋಡಿದೆ. ಮಹಿಳಾ ಸಮಾಜದವರು, ನಾನು ಬೇಡವೆಂದಿದ್ದರೂ, ಅಭ್ಯಾಸಬಲದಿಂದ ಅರಿಶಿನ ಕುಂಕುಮದ ತಟ್ಟೆ ತಂದಿದ್ದರು. ಗೇಟಿನ ಮೇಜು ದಾಟಿದ ಮೇಲೆ ಅದನ್ನು ಹಿಡಿದು ನಿಂತಿದ್ದಾಕೆ, ಮೊದಲ ಸಾಲಿನ ಹೆಂಗಸರು ಬಂದಾಗ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದುದನ್ನು ಫೋನು ಎತ್ತಲು ಹೊರಗೆ ಬಂದಾಗ ನಾನೇ ಕಂಡಿದ್ದೆ. ಸುಂಕದಕಟ್ಟೆಯ ಸೊಸೆ ಬಂದಾಗಲೂ ಎಳೆದುಕೊಂಡಿದ್ದರು. ಆ ಹುಡುಗಿ ನಿಂತು, ತಾನೇ ಕೈ ಚಾಚಿ, ಕುಂಕುಮ ತೆಗೆದು ಹಣೆಗೆ ಇಟ್ಟುಕೊಂಡು, ಮುಂದೆ ಹೋಗಿ ಅತ್ತೆಯ ಪಕ್ಕ ಕೂತಿದ್ದಳು. ಈಗಲೂ ನೇರವಾಗಿ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಬ್ಯಾಗು, ಅದರ ಮೇಲೆ ಎರಡೂ ಕೈ.

ನಾಯಕರು ಹತ್ತು ಮೂವತ್ತೈದಕ್ಕೆ ಬಂದರು. ಸ್ಮಾರಕದ ಕಲ್ಲಿಗೆ ಹೂಚಕ್ರ ಇಟ್ಟು, ವೇದಿಕೆಗೆ ಬಂದು ಮಾತು ಶುರು ಮಾಡಿದರು. ಒಳ್ಳೆಯ ದನಿ, ಪ್ಯಾರಾ ಮುಗಿದಾಗ ಸರಿಯಾಗಿ ನಿಲ್ಲಿಸುತ್ತಿದ್ದರು. ಅವರ ಕೊನೆಯ ಪದಕ್ಕೂ ನನ್ನ ಮೊದಲ ಪದಕ್ಕೂ ನಡುವೆ ಒಂದು ಉಸಿರು. ಆ ಲಯ ಕೂಡಿಬಂದರೆ ಎರಡು ಭಾಷೆಯ ಭಾಷಣ ಒಂದೇ ಆಗುತ್ತದೆ. ನೀರಿನ ಬಾಟಲಿಯ ಮಾತು ಬಂದಾಗ ಇಡೀ ಮೈದಾನ ಸ್ತಬ್ಧವಾಯಿತು. ‘ಇವರು ಕಾದದ್ದು ಬರೀ ಗೆರೆಯನ್ನಲ್ಲ. ಗೆರೆಯ ಈಚೆ ಒಬ್ಬರನ್ನೊಬ್ಬರು ಸಮಾನರೆಂದು ನಂಬಿ ಬದುಕುತ್ತೇವಲ್ಲ, ಆ ಮಾತನ್ನು ಕಾದರು. ಅದನ್ನು ನಾವು ಮುರಿದರೆ ಅವರು ಕಾದದ್ದಕ್ಕೆ ಅರ್ಥವಿಲ್ಲ.’ ಇದನ್ನು ಕನ್ನಡದಲ್ಲಿ ಹೇಳುವಾಗ ನನ್ನ ದನಿ ಎಲ್ಲೂ ಎಡವಲಿಲ್ಲ. ಆದರೆ ಕಣ್ಣು ಗಾಜಿನ ಮೇಲಿತ್ತು.

ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ನಾಯಕರು ‘ಈಗ ಅವರ ಹೆಸರುಗಳು’ ಎಂದರು. ನಾನು ಮೈಕಿನತ್ತ ಬಾಗಿದೆ. ಅವರು ನಿಲ್ಲಿಸಲಿಲ್ಲ. ಮೊದಲ ಹೆಸರು ಓದಿದರು.

ಗಾಜಿನ ಮೇಲೆ ಹಳೆಯ ಪಠ್ಯವೇ ಹರಿಯುತ್ತಿತ್ತು. ಹೇಳಬೇಕಾದವನಿಗೆ ಯಾರೂ ಹೇಳಿರಲಿಲ್ಲ.

ಮೊದಲ ಹೆಸರಿಗೆ ಕೆಂಗೇರಿಯ ತಂದೆಯೊಬ್ಬರು ಎದ್ದು ನಿಂತರು. ಯಾರೂ ಹೇಳಿಕೊಟ್ಟಿರಲಿಲ್ಲ, ಮಗನ ಹೆಸರು ಕೇಳಿ ತಾವಾಗಿ ಎದ್ದರು. ಎರಡನೆಯ ಹೆಸರಿಗೆ ಮೂಡಲಪಾಳ್ಯದ ಗಂಡ ಹೆಂಡತಿ ಎದ್ದರು. ಈಗ ಸಾಲಿಗೆ ಸಾಲೇ ಅದನ್ನು ಕಲಿತುಬಿಟ್ಟಿತ್ತು. ಮೂರನೆಯದಕ್ಕೆ ಒಬ್ಬ ಅಣ್ಣ. ಪಕ್ಕದ ಕುರ್ಚಿಯಲ್ಲಿ ಸುಂಕದಕಟ್ಟೆಯ ತಾಯಿ ಸೆರಗು ಸರಿಮಾಡಿಕೊಂಡರು, ಕುರ್ಚಿಯ ಹಿಡಿಯ ಮೇಲೆ ಕೈ ಊರಿದರು. ತಮ್ಮ ಮಗನ ಹೆಸರೂ ಬರುತ್ತದೆಂದು ಏಳಲು ಸಿದ್ಧರಾಗುತ್ತಿದ್ದರು. ಸೊಸೆ ಅವರ ತೋಳು ಹಿಡಿದುಕೊಂಡಳು.

ಮಾತನಾಡುವವರ ವಾಕ್ಯವನ್ನು ನಾನು ಎಂದೂ ತುಂಡು ಮಾಡಿದವಳಲ್ಲ. ಅನುವಾದಕರಿಗೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಮೂರನೆಯ ಹೆಸರು ಮುಗಿದು ನಾಯಕರು ಉಸಿರೆಳೆದುಕೊಳ್ಳುವಷ್ಟರಲ್ಲಿ ನನ್ನ ಮೈಕಿನಲ್ಲಿ ಗಟ್ಟಿಯಾಗಿ ಹೇಳಿದೆ.

“ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ಎಲ್ಲರೂ.”

ಮೈದಾನವಿಡೀ ಎದ್ದಿತು. ಕುರ್ಚಿಗಳ ಸದ್ದು ಒಂದು ಅಲೆಯಾಗಿ ಹಿಂದಕ್ಕೆ ಹೋಯಿತು. ಸಾವಿರ ಜನ ನಿಂತ ಮೇಲೆ ಯಾರ ಮನೆಯವರು ಯಾವ ಹೆಸರಿಗೆ ಎದ್ದರೆಂಬುದು ಉಳಿಯುವುದಿಲ್ಲ. ನಾನು ತಡಮಾಡದೆ ಮೊದಲಿನಿಂದ ಓದಿದೆ: ಹುದ್ದೆ, ಹೆಸರು, ಬಡಾವಣೆ, ಊರು. ಐದು ಹೆಸರು. ಮೂರರಿಂದ ನಾಲ್ಕಕ್ಕೆ ಹೋಗುವಲ್ಲಿ ಉಳಿದ ಕಡೆ ಬಿಟ್ಟಷ್ಟೇ ಅಂತರ ಬಿಟ್ಟೆ. ‘ಇವರ ನೆನಪಿಗೆ ಎರಡು ನಿಮಿಷ ಮೌನ’ ಎಂದೆ. ಬ್ಯೂಗಲ್‌ ಊದುವವರಿಗೆ ಸುಬೇದಾರರು ಕೆಳಗಿನಿಂದ ಕೈ ತೋರಿಸಿದರು.

ನಾಯಕರು ಕೈ ಕಟ್ಟಿ ನಿಂತರು. ಅವರ ಕಣ್ಣು ಗಾಜಿನ ಮೇಲೆ, ನಾಲ್ಕನೆಯ ಹೆಸರಿನ ಮೇಲೆ ಇತ್ತು. ಆಮೇಲೆ ನನ್ನ ಕಡೆ ತಿರುಗಿತು. ಮೌನಾಚರಣೆಯಲ್ಲಿ ಅಲುಗಾಡಬಾರದು. ನಾನು ಬರೆದೆ. ಕೈಯಲ್ಲಿದ್ದ ಹಾಳೆಯ ಹಿಂದೆ ಹಿಂದಿಯಲ್ಲಿ ಎರಡು ಸಾಲು: ‘ನಾಲ್ಕನೆಯವರ ಮರಣ ಖಚಿತವಾಗಿಲ್ಲ, ಅವರು ಕಾಣೆ. ತಾಯಿ ಮತ್ತು ಹೆಂಡತಿ ಎದುರಿಗೇ ಇದ್ದಾರೆ.’ ಅವರ ಮೇಜಿನ ಅಂಚಿಗೆ ಸರಿಸಿದೆ.

ಅವರು ಓದಿದರು. ಮೊದಲ ಸಾಲನ್ನು ಒಂದು ಸಲ ನಿಧಾನವಾಗಿ ನೋಡಿದರು. ಮೌನ ಮುಗಿದ ಮೇಲೆ ಗಾಜಿನತ್ತ ತಿರುಗಲಿಲ್ಲ. ತಡವರಿಸುತ್ತಾ, ಪಠ್ಯದಲ್ಲಿಲ್ಲದ ಮಾತು ಹೇಳಿದರು. ಅದನ್ನು ನಾನು ಮೂರು ಸಲ ಓದದೆ, ಒಂದೇ ಉಸಿರಿನಲ್ಲಿ ಕನ್ನಡಕ್ಕೆ ತಂದೆ:

“ಇನ್ನು ಕೆಲವರ ದಾರಿ ನಾವು ಕಾಯುತ್ತಿದ್ದೇವೆ. ಅವರ ಹೆಸರು ನಾನು ಇವತ್ತು ಹೇಳುವುದಿಲ್ಲ. ಅವರೇ ಬಂದು ಹೇಳಲಿ.”

ಆರನೆಯ ಹಾಳೆಯನ್ನು ಕ್ರಮದಂತೆ ಮುಗಿಸಿದೆವು. ಹನ್ನೊಂದೂವರೆಗೆ ರಾಷ್ಟ್ರಗೀತೆ.

ಮೆಟ್ಟಿಲಿಳಿಯುವಾಗ ನಾಯಕರು ಕಾರ್ಯದರ್ಶಿಗಳನ್ನು ಒಂದೇ ಮಾತು ಕೇಳಿದರು, ಪಟ್ಟಿ ಯಾರದು ಎಂದು. ಕಾರ್ಯದರ್ಶಿಗಳು ಬಾಯಿ ತೆರೆಯುವ ಮೊದಲೇ ನನ್ನದು ಎಂದೆ. ಎಲ್ಲಿ ತಪ್ಪಾಯಿತೆಂದು ಎರಡು ವಾಕ್ಯದಲ್ಲಿ ವರದಿ ಕೊಟ್ಟೆ. ಅವರು ತಲೆಯಾಡಿಸಿ, ನಾನು ಬರೆದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ನಡೆದರು. ಪತ್ರಿಕೆಗಳಿಗೆ ಹೋಗುವ ಹಿಂದಿ ಪಠ್ಯದಲ್ಲಿ ನಾಲ್ಕನೆಯ ಹೆಸರು ತೆಗೆದದ್ದನ್ನು ಕಾರ್ಯದರ್ಶಿಗಳು ನನ್ನೆದುರೇ ಮಾಡಿ ತೋರಿಸಿದರು. ಕೋಪವಿತ್ತು, ಆದರೆ ತೋರಿಸಿದರು.

ಹನ್ನೆರಡು ಗಂಟೆಗೆ ಕೋಣೆಯ ಬಾಗಿಲಲ್ಲಿ ಸುಂಕದಕಟ್ಟೆಯ ತಾಯಿ ನಿಂತಿದ್ದರು. ಹಿಂದೆ ಸೊಸೆ.

“ಅಕ್ಕಾರ, ಎಲ್ಲಾರ ಮಕ್ಕಳ ಹೆಸರು ಓದಿದ್ರಿ,” ಎಂದರು ತಾಯಿ. “ನಮ್ಮ ಹುಡುಗನ ಹೆಸರು ಯಾಕ ಬಿಟ್ರಿ? ನಾವು ರೊಟ್ಟಿ ಮಾರೋ ಮಂದಿ ಅಂತೇನು?”

ಕುರ್ಚಿ ಹಾಕಿ ಕೂರಿಸಿದೆ. ನಾನೂ ಎದುರಿಗೆ ಕೂತೆ.

“ಇಲ್ಲಮ್ಮ. ಇವತ್ತು ಓದಿದ್ದು ತಿರುಗಿ ಬರದೇ ಇರೋರ ಹೆಸರು.”

ಅವರು ನನ್ನನ್ನೇ ನೋಡಿದರು. ಕೈಯಲ್ಲಿದ್ದ ಸೆರಗಿನ ತುದಿಯನ್ನು ಸುತ್ತಿದರು, ಬಿಡಿಸಿದರು.

“ಹಂಗಾರ ಓದಬ್ಯಾಡ್ರಿ,” ಎಂದರು. “ಮುಂದೂ ಓದಬ್ಯಾಡ್ರಿ.”

ಸುಬೇದಾರರು ಅವರನ್ನು ಚಹಾ ಕುಡಿಯಲು ಹೊರಗೆ ಕರೆದುಕೊಂಡು ಹೋದರು. ಸೊಸೆ ಹೋಗಲಿಲ್ಲ. ಬಾಗಿಲು ಸ್ವಲ್ಪ ಮುಂದಕ್ಕೆ ತಳ್ಳಿ, ಬಟ್ಟೆಯ ಬ್ಯಾಗಿನಿಂದ ಆರು ಹಾಳೆಯ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು. ಇನ್ನೂರೈವತ್ತನೆಯದು.

“ಇದರಾಗ ಅವರ ಹೆಸರು ಐತ್ರಿ. ನಮ್ಮ ಅತ್ತಿಯವರಿಗೆ ಓದಾಕ ಬರಂಗಿಲ್ಲ. ಅದಕ್ಕ ಬ್ಯಾಗಿನಾಗ ಇಟ್ಕೊಂಡೆ.”

ಗೇಟಿನಲ್ಲಿ ಮೊದಲು ಪ್ರತಿಗಳ ಮೇಜು, ಆಮೇಲೆ ಕುಂಕುಮದ ತಟ್ಟೆ. ಬರುವವರೆಲ್ಲ ಆ ಕ್ರಮದಲ್ಲೇ ದಾಟಬೇಕಿತ್ತು. ಈ ಹುಡುಗಿ ಮೊದಲನೆಯದನ್ನು ಓದಿಕೊಂಡು ಎರಡನೆಯದರ ಮುಂದೆ ಬಂದು ಕೈ ಚಾಚಿದ್ದಳು. ಆಮೇಲೆ ಒಂದೂವರೆ ಗಂಟೆಗೂ ಮೇಲೆ ಅತ್ತೆಯ ಪಕ್ಕ ಕೂತು, ಆ ಹೆಸರು ಯಾವಾಗ ಬರುತ್ತದೆಂದು ಕಾದಿದ್ದಳು.

“ಖರೇನ ಹೇಳ್ರಿ,” ಎಂದಳು.

ಎಲ್ಲವನ್ನೂ ಹೇಳಿದೆ: ಕೂರುವವರ ಪಟ್ಟಿ, ಬಲತುದಿಯ ಷರಾ, ಹೊರಗುಳಿದ ಹಾಳೆ. ಆ ಎರಡನೆಯ ಹಾಳೆ ಮೇಜಿನಲ್ಲೇ ಇತ್ತು, ತೋರಿಸಿದೆ. “ತಪ್ಪು ನನ್ನದು. ನಿಮ್ಮ ಮನೆಗೆ ಯಾರೂ ಬಂದಿಲ್ಲ, ಬರೋ ಆದೇಶವೂ ಇಲ್ಲ. ಬೆಳಿಗ್ಗೆ ಒಂಬತ್ತು ಹದಿನೈದಕ್ಕೆ ಖಚಿತವಾಗಿದ್ದು ಇಷ್ಟು. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ. ಇದ್ದಾರೆ ಅಂತಲೂ ಹೇಳಲಾರೆ.”

“ಅಷ್ಟ ಸಾಕ್ರಿ.”

ಆಗ ಮಾತ್ರ ಅವಳು ಕೂತಳು. ಸ್ವಲ್ಪ ಹೊತ್ತು ಅವಳ ಭುಜ ನಡುಗಿತು. ಪ್ರತಿಯ ಪಿನ್ ಎಬ್ಬಿಸಿ, ಐದನೆಯ ಹಾಳೆ ಎಳೆದು, ಹೊಸದನ್ನು ಸೇರಿಸಿ, ಪಿನ್ ಹೊಡೆದು ಅವಳ ಮುಂದೆ ಇಟ್ಟೆ. ಹಳೆಯ ಹಾಳೆಯನ್ನು ಬಕೆಟ್ಟಿಗೆ ಹಾಕಲು ಎತ್ತಿಕೊಂಡೆ. ಉಳಿದ ಇನ್ನೂರ ನಲವತ್ತೊಂಬತ್ತು ಆಗಲೇ ನೀರಿನಲ್ಲಿ ನೆನೆದು ಮುದ್ದೆಯಾಗಿದ್ದವು. ತಪ್ಪು ಹಾಳೆ ಒಂದೂ ಉಳಿಯಬಾರದು. ನಾನು ನೌಕರಿಗೆ ಸೇರಿದ ಮೊದಲ ವಾರ ಕಲಿತ ಪಾಠ ಅದು.

“ಅದು ನಂಗ ಕೊಡ್ರಿ,” ಎಂದಳು.

“ಇದು ನಾಶ ಮಾಡಬೇಕಾದ್ದಮ್ಮ.”

“ಅವರು ಬರ್ಲಿ, ತೋರಸ್ತೀನ್ರಿ.” ಮೂಗು ಒರೆಸಿಕೊಂಡಳು. “ನೋಡ್ರಿ, ನೀವು ಸತ್ತೀರಿ ಅಂತ ಪೇಪರಿನಾಗ ಬರದಾರ, ನಾ ನಂಬಲಿಲ್ಲ ಅಂತ ಚ್ಯಾಷ್ಟಿ ಮಾಡ್ತೀನಿ.”

ಹಾಳೆ ಕೊಟ್ಟೆ. ಅವಳು ಅದನ್ನು ನಾಲ್ಕಾಗಿ ಮಡಚಿ ರವಿಕೆಯೊಳಗೆ ಸೇರಿಸಿ, ಅತ್ತೆಯ ಬಳಿಗೆ ಹೋದಳು.

ಒಂದು ಗಂಟೆಗೆ ಕುರ್ಚಿಗಳು ಲಾರಿ ಹತ್ತಿದವು. ಕೋಣೆಯಲ್ಲಿ ಉಳಿದದ್ದು ಸುಬೇದಾರರು, ಬಕೆಟ್ಟು ಮತ್ತು ನಾನು. ಹಾಳೆಗಳ ಲೆಕ್ಕ ದಾಖಲಾಗದೆ ಬೀಗ ಹಾಕುವಂತಿರಲಿಲ್ಲ. ಸಂಘದ ವಹಿಯಲ್ಲಿ ಹೊಸ ಪುಟ ತೆಗೆದು, ಸ್ಕೇಲಿಟ್ಟು ಗೆರೆ ಎಳೆದೆ. ಈ ಸಲ ಷರಾ ಕಾಲಂ ಎಡತುದಿಗೆ ಹಾಕಿದೆ, ಕ್ರಮಸಂಖ್ಯೆಗೂ ಮೊದಲು. ಸುಬೇದಾರರು ಕತ್ತು ಚಾಚಿ ನೋಡಿದರು.

ಐದನೆಯ ಹಾಳೆ, ಹಳೆಯದು: ಬಂದದ್ದು ಇನ್ನೂರೈವತ್ತು, ನಾಶ ಇನ್ನೂರ ನಲವತ್ತೊಂಬತ್ತು. ಉಳಿದ ಒಂದರ ಸಾಲಿನಲ್ಲಿ, ಎಡಗಡೆಯ ಕಾಲಂನಲ್ಲಿ ಬರೆದೆ:

‘ಸಿಪಾಯಿಯ ಪತ್ನಿಗೆ ಕೊಡಲಾಗಿದೆ. ಸಿಪಾಯಿ ಮನೆಗೆ ಬಂದು ನೋಡಿದ ನಂತರ, ಅವರ ಕೈಯಿಂದಲೇ ಹಿಂದಕ್ಕೆ ಪಡೆಯತಕ್ಕದ್ದು.’

ಸಹಿ, ಗಂಟೆ ಒಂದು ಇಪ್ಪತ್ತು. ಸುಬೇದಾರರು ಪಕ್ಕದಲ್ಲಿ ತಮ್ಮ ಸಹಿ ಹಾಕಿ ಬೀಗ ಕೈಗೆತ್ತಿಕೊಂಡರು.